ಮಾತಾಡದ ಕಾರು

ಹೊಸ ಚರ್ಮದ ವಾಸನೆ, ಅಲ್ಲ, ಚರ್ಮವೂ ಅಲ್ಲ, ಅದರಂತೆ ಕಾಣುವ ಏನೋ ಒಂದು, ಮೂಗಿಗೆ ಸಿಹಿಯಾಗಿ ಬಂದು ಗಂಟಲಲ್ಲಿ ಕಹಿಯಾಗಿ ನಿಲ್ಲುತ್ತದೆ, ಸೀಟಿಗೆ ಹಾಕಿದ ಪ್ಲಾಸ್ಟಿಕ್ ಕವರು ನಾನು ಅಲುಗಿದಾಗಲೆಲ್ಲ ಚರಚರ ಎನ್ನುತ್ತದೆ, ಖಾಲಾ, ಸೀಟು ಸ್ವಲ್ಪ ಮುಂದೆ ಮಾಡ್ಲಾ, ಕಾಲು ಎಟುಕುತ್ತಾ, ಎಂದು ಬಾಗಿಲ ಬಳಿ ಬಗ್ಗಿ ಕೇಳುತ್ತಾಳೆ ಶಹದ್, ಶೋರೂಮಿನ ಹುಡುಗಿ, ನಾನು ಒಳಗೆ ಕಾಲಿಟ್ಟ ಗಳಿಗೆಯಲ್ಲೇ ನನ್ನನ್ನು ಚಿಕ್ಕಮ್ಮನಾಗಿ ಮಾಡಿಕೊಂಡವಳು, ಬೇಡ ಮಗಳೇ, ಸರಿಯಾಗಿದೆ, ಎನ್ನುತ್ತೇನೆ, ಸರಿಯಾಗಿಲ್ಲ, ಸ್ಟೀರಿಂಗಿನ ಹಿಂದೆ ಕೂತಾಗಲೆಲ್ಲ ಯಾರದೋ ಜಾಗದಲ್ಲಿ ಕೂತಿದ್ದೇನೆ, ಅವರು ಈಗ ಬಂದು ಏಳು ಅನ್ನುತ್ತಾರೆ ಅನಿಸುತ್ತದೆ, ಲೈಸೆನ್ಸು ಕೈಗೆ ಬಂದ ಮೇಲೂ, ಮಗನ ಹಳೆಯ ಕಾರನ್ನು ತರಕಾರಿಗೂ ತಂಗಿಯ ಮನೆಗೂ ಓಡಿಸಿ ಕೈ ಪಳಗಿದ ಮೇಲೂ, ಸ್ಟೀರಿಂಗು ಎಡಕ್ಕೆ, ನನ್ನ ಜಾಗ ಪಕ್ಕದ್ದು, ಬಲಗಡೆ, ಅಲ್ಲಿ ಈಗ ನನ್ನ ಕೈಚೀಲ ಕೂತಿದೆ. ಮೂರು ಥರ ಬರುತ್ತೆ ಖಾಲಾ, ಸ್ಟ್ಯಾಂಡರ್ಡು, ಅರ್ಧ ಫುಲ್ಲು, ಫುಲ್ ಕಾಮಿಲ್, ನಿಮ್ಮ ಮಗ ಫೋನಲ್ಲಿ ಫುಲ್ ಕಾಮಿಲ್ ಅಂದಿದ್ದಾರೆ. ಕಾಮಿಲ್ ಅಂದರೆ ಪೂರ್ಣ, ಯಾವುದೂ ಬಾಕಿ ಉಳಿಯದ್ದು, ಅಂಥದ್ದೊಂದು ಈ ಜಿದ್ದಾದಲ್ಲಿ ಎಲ್ಲಾದರೂ ಇದೆಯಾ, ಇದ್ದರೆ ಅದು ಕಾರಿನಲ್ಲಿ ಮಾತ್ರ ಇರಬೇಕು, ತಲೆಯ ಮೇಲೆ ಗಾಜಿನ ಚಾವಣಿ, ಸೀಟಿನೊಳಗಿಂದ ಬೆನ್ನಿಗೆ ಬೀಸುವ ತಣ್ಣನೆ ಗಾಳಿ, ಚಳಿಗಾಲಕ್ಕೆ ಸ್ಟೀರಿಂಗ್ ಬಿಸಿ ಮಾಡೋ ಗುಂಡಿ ಕೂಡ ಇದೆ ಖಾಲಾ. ಆ ಕೆಲಸ ನಮ್ಮೂರಲ್ಲಿ ಸೂರ್ಯ ಪುಕ್ಕಟೆ ಮಾಡ್ತಾನಲ್ಲಮ್ಮ, ಎಂದೆ, ಅವಳು ನಕ್ಕಳು, ಎಲ್ಲರೂ ಅದನ್ನೇ ಹೇಳ್ತಾರೆ, ಆದರೂ ತಗೋತಾರೆ. ಫೋನಿನಲ್ಲಿ ಮಗ ಅನ್ಮಾರನ ದನಿ, ಬೆಳಗ್ಗೆಯಿಂದ ಇದು ಎಷ್ಟನೆಯ ಸಂದೇಶವೋ, ಅಮ್ಮಾ, ಎಚ್ಚರಿಕೆ ಕೊಡೋ ಪ್ಯಾಕೇಜ್ ಇಲ್ದೆ ತಗೊಂಡ್ರೆ ನಾನು ಮಾತಾಡ್ಸಲ್ಲ ನೋಡು, ಗೆರೆ ದಾಟಿದ್ರೆ ಹೇಳುತ್ತೆ, ಪಕ್ಕದಲ್ಲಿ ಗಾಡಿ ಬಂದ್ರೆ ಹೇಳುತ್ತೆ, ಮುಂದಿನವನು ನಿಲ್ಲಿಸಿದ್ರೆ ಹೇಳುತ್ತೆ, ಒಟ್ಟು ನಿನ್ ಥರಾನೇ, ಬಾಯಿ ಮುಚ್ಚೋದೇ ಇಲ್ಲ — ಎಂದು ತಾನೇ ನಗುತ್ತಾನೆ, ಚಿಕ್ಕಂದಿನಿಂದ ನನ್ನನ್ನು ರೇಡಿಯೋ ಎಂದು ಕರೆದವನು, ಹಿಂದಿನ ಸೀಟಿನಲ್ಲಿ ಕೂತು, ಯುಮ್ಮಾ ಒಂದು ನಿಮಿಷ ಸುಮ್ನಿರಮ್ಮ ಎಂದು ಬೇಡಿಕೊಂಡವನು, ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಈಗಷ್ಟೇ ಮದೀನಾ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದೆವು, ಶಹದ್ ಪಕ್ಕದಲ್ಲಿ, ನಾನು ಓಡಿಸುತ್ತ, ಒಂದು ಕಡೆ ಬಿಳಿ ಗೆರೆಯ ಮೇಲೆ ಚಕ್ರ ಹತ್ತಿತೋ ಏನೋ, ಸ್ಟೀರಿಂಗ್ ನನ್ನ ಅಂಗೈಯೊಳಗೆ ನಡುಗಿತು, ಕೈಯಲ್ಲಿ ಹಿಡಿದ ಪಾರಿವಾಳ ಮೈ ಕೊಡವಿದ ಹಾಗೆ, ಹೆದರ್ಬೇಡಿ ಖಾಲಾ, ಗೆರೆ ದಾಟ್ತಿದ್ದೀರಿ ಅಂತ ಹೇಳ್ತಿದೆ ಅಷ್ಟೇ. ಹೆದರಲಿಲ್ಲ ಮಗಳೇ, ಆ ನಡುಕ ನನಗೆ ಗೊತ್ತು, ಅದು ನನ್ನ ಬೆರಳು, ನನ್ನ ಗಂಡ ಸಿರಾಜರ ಮೊಣಕಾಲಿನ ಮೇಲೆ ಎರಡು ಬೆರಳು, ಒಂದು ಸಲ ತಟ್ಟಿದರೆ ಬಲಕ್ಕೆ ಬನ್ನಿ, ಎರಡು ಸಲ ತಟ್ಟಿದರೆ ನಿಧಾನ, ಒತ್ತಿ ಹಿಡಿದರೆ ನಿಲ್ಲಿಸಿ, ನಿಲ್ಲಿಸಿ. ಹಳೆಯ ಕ್ರೆಸಿಡಾ ಕಾರು, ಡ್ಯಾಶ್‌ಬೋರ್ಡಿನ ಮೇಲೆ ಟಿಶ್ಯೂ ಡಬ್ಬಿ, ಸ್ಟೀರಿಂಗಿಗೆ ಉಣ್ಣೆಯ ಹೊದಿಕೆ, ಹಿಂದೆ ಮೂವರು ಮಕ್ಕಳ ಜಗಳ, ಸಿರಾಜರ ಕಣ್ಣು ಮೊದಲು ಪಕ್ಕಗಳನ್ನು ಕಳೆದುಕೊಂಡಿತು, ಪೈಪಿನೊಳಗಿಂದ ನೋಡಿದ ಹಾಗೆ, ಎಂದು ಡಾಕ್ಟರು ಅಂದಿದ್ದನ್ನು ನನಗೆ ಮಾತ್ರ ಹೇಳಿದರು, ನಡುವೆ ಒಂದು ದುಂಡನೆ ಬೆಳಕು, ಸುತ್ತ ಏನೂ ಇಲ್ಲ, ಮುಸ್ಸಂಜೆಯಾದರೆ ಆ ದುಂಡೂ ಮಸುಕು, ಬಂದರಿನ ಕಚೇರಿಯಲ್ಲಿ ಗೊತ್ತಾದರೆ ಕೆಲಸ ಹೋಗುತ್ತದೆ, ಹೆಂಗಸರು ಕಾರು ಓಡಿಸುವ ಕಾಲ ಅದಲ್ಲ, ಡ್ರೈವರನ್ನು ಇಟ್ಟುಕೊಳ್ಳುವ ಮನೆ ನಮ್ಮದಲ್ಲ, ಆ ದಿನ ಕೀಲಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತರು, ನಾನೂ ನಿಂತೆ, ಆಮೇಲೆ ನಾನು ಹೋಗಿ ಮುಂದೆ ಕೂತೆ, ಅವರು ಬಂದು ಪಕ್ಕದಲ್ಲಿ ಕೂತು ಎಂಜಿನ್ ಹಚ್ಚಿ ಮೆಲ್ಲಗೆ ಕೇಳಿದರು, ಮುಂದೆ ಏನಿದೆ? ಅಷ್ಟೇ ನಮ್ಮ ಒಪ್ಪಂದ. ಮಕ್ಕಳಿಗೆ ತಿಳಿಯಬಾರದು, ಅದಕ್ಕೇ ನಾನು ರೇಡಿಯೋ ಆದೆ, ಅಯ್ಯೋ ನೋಡಿ, ಆ ಕೆಂಪು ಲಾರಿಯವನು ಎಮ್ಮೆ ಥರ ಅಡ್ಡ ನಿಂತಿದ್ದಾನೆ, ಅಂದರೆ ಬ್ರೇಕು ಹಾಕಿ, ಪಾಪ, ಯಾರೋ ಮುದುಕಿ ಮೊಮ್ಮಗನ ಕೈ ಹಿಡ್ಕೊಂಡು ರಸ್ತೆ ದಾಟ್ತಿದ್ದಾಳೆ, ಅಂದರೆ ನಿಲ್ಲಿಸಿ, ಈ ಬಿಳಿ ಪಿಕಪ್ಪಿನವನಿಗೆ ಏನು ಅವಸರವೋ, ಅವನಮ್ಮನ ಮನೆಗೆ ಬೆಂಕಿ ಬಿದ್ದಿದೆಯಾ, ಅಂದರೆ ಎಡಗಡೆಯಿಂದ ಒಬ್ಬ ನುಗ್ಗುತ್ತಿದ್ದಾನೆ, ಅವರ ಕಾಲು ನನ್ನ ಮಾತಿನ ಬಾಲ ಹಿಡಿದು ಹಗುರಾಗುತ್ತಿತ್ತು, ಭಾರವಾಗುತ್ತಿತ್ತು, ಒಂದೇ ಮೈಯ ಎರಡು ತುಂಡು, ಕೈ ಕಾಲು ಅವರವು, ಕಣ್ಣು ಬಾಯಿ ನನ್ನವು, ಹಾಗೆ ನಾನು ಅವರ ಹತ್ತಿರ ಇದ್ದದ್ದು ಬೇರೆ ಎಲ್ಲೂ ಇಲ್ಲ, ಹಾಸಿಗೆಯಲ್ಲೂ ಇಲ್ಲ.

ಬಣ್ಣ ಯಾವುದು ಖಾಲಾ, ಮುತ್ತಿನ ಬಿಳಿ ಇದೆ, ಮರಳಿನ ಬಣ್ಣ ಇದೆ, ಈ ನೀಲಿ ನೋಡಿ, ಎಂದು ಶಹದ್ ಬಣ್ಣದ ಬಿಲ್ಲೆಗಳ ಗೊಂಚಲನ್ನು ನನ್ನ ತೊಡೆಯ ಮೇಲೆ ಇಡುತ್ತಾಳೆ, ನೀಲಿ, ಗುರುವಾರದ ಸಂಜೆಯ ಸಮುದ್ರ ಸೂರ್ಯ ಮುಳುಗುವ ಮೊದಲು ಹೀಗೇ ಇರುತ್ತಿತ್ತು, ಏನು ಬಣ್ಣ ಇವತ್ತು ಎಂದು ಸಿರಾಜರು ಕೇಳುತ್ತಿದ್ದರು, ನೀಲಿ, ಎನ್ನುತ್ತಿದ್ದೆ, ಬರೀ ನೀಲಿ ಅಂದ್ರೆ ನನಗೆ ಹ್ಯಾಗೆ ತಿಳೀಬೇಕು ಉಮ್ಮ್ ಅನ್ಮಾರ್, ನಿನ್ನ ಮದುವೆಯ ಜಂಪರ್ ಥರಾನಾ, ಅಥವಾ ಗ್ಯಾಸ್ ಒಲೆಯ ಬೆಂಕಿ ಥರಾನಾ? ಉಮ್ಮ್ ಅನ್ಮಾರ್, ಅನ್ಮಾರನ ಅಮ್ಮ, ಅವರು ನನ್ನನ್ನು ಕರೆಯುವುದೇ ಹಾಗೆ. ಬಂದರಿನಿಂದ ಮನೆಗೆ ನೆಟ್ಟಗಿನ ದಾರಿ ಇತ್ತು, ಬೇಗ ಮುಗಿಯುವ ದಾರಿ, ಮನೆ ಬಂದರೆ ಅವರು ಅವರ ಕೋಣೆ, ನಾನು ನನ್ನ ಅಡುಗೆಮನೆ, ಅವರ ತಾಯಿ, ಮಕ್ಕಳ ಪುಸ್ತಕ, ಒಣಗಿದ ಬಟ್ಟೆ, ಆ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ, ಅದಕ್ಕೇ ಒಂದು ಸಂಜೆ ನನ್ನ ಬಾಯಿಂದ ಬಂದುಬಿಟ್ಟಿತು, ತಹ್ವೀಲಾ. ಜಿದ್ದಾದಲ್ಲಿ ಯಾವ ದಿನ ಯಾವ ರಸ್ತೆ ಅಗೆದಿರುತ್ತಾರೋ, ನಿನ್ನೆ ಇದ್ದ ದಾರಿ ಇವತ್ತು ಇರುವುದಿಲ್ಲ, ಒಂದು ಹಳದಿ ಫಲಕ, ಒಂದು ಬಾಣ, ತಹ್ವೀಲಾ, ಬಳಸಿಕೊಂಡು ಹೋಗಿ, ಯಾರೂ ಏಕೆ ಎಂದು ಕೇಳುವುದಿಲ್ಲ, ಅವರೂ ಕೇಳಲಿಲ್ಲ, ಮತ್ತೆ ಅಗೆದ್ರಾ ಹಾಳಾದವರು, ಎಂದು ಗೊಣಗಿ ಸ್ಟೀರಿಂಗ್ ತಿರುಗಿಸಿದರು, ಅಂದು ಅಲ್ಲಿ ನಿಜವಾಗಿ ಫಲಕವೂ ಇರಲಿಲ್ಲ, ಬಾಣವೂ ಇರಲಿಲ್ಲ, ದಾರಿ ಉದ್ದವಾಯಿತು, ಸಮುದ್ರ ಬಂತು, ಕಡಲತಡಿಯಲ್ಲಿ ಬಲೀಲಾ ಮಾರುವವನ ಗಾಡಿ, ಬೆಂದ ಕಡಲೆಗೆ ಸುರಿಯುವ ವಿನೆಗರಿನ ಹುಳಿ ವಾಸನೆ, ಮಕ್ಕಳು ಕಿಟಕಿ ಇಳಿಸಿ ಕಿರುಚಿದರು. ಆಮೇಲೆ ವಾರಕ್ಕೊಮ್ಮೆ ಎಲ್ಲಾದರೂ ಒಂದು ತಹ್ವೀಲಾ ಹುಟ್ಟುತ್ತಿತ್ತು. ಮತ್ತೆ ಆ ದಾರಿಯ ದೊಡ್ಡ ಸಿಗ್ನಲ್ಲು, ಒಂದು ಸಂಜೆ ಕೆಂಪು ಅಂದೆ, ನಿಲ್ಲಿಸಿದರು, ನಿಂತಾಗ ಮುಂದೆ ನೋಡುವ ಕೆಲಸವಿಲ್ಲ, ಅವರು ಮುಖವನ್ನು ನನ್ನ ಕಡೆ ತಿರುಗಿಸುತ್ತಿದ್ದರು, ಪೂರ್ತಿಯಾಗಿ, ಕುತ್ತಿಗೆಯೊಂದನ್ನೇ ಅಲ್ಲ, ಭುಜವನ್ನೂ ತಿರುಗಿಸಿ, ಉಳಿದಿದ್ದ ಆ ದುಂಡನೆ ಬೆಳಕಿನೊಳಗೆ ನನ್ನ ಮುಖವನ್ನು ಇಟ್ಟುಕೊಳ್ಳುವವರ ಹಾಗೆ, ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಕೆನ್ನೆಗೆ, ನಿಧಾನವಾಗಿ, ದೀಪ ಹಸಿರಾಯಿತು, ನಾನು ಹೇಳಲಿಲ್ಲ, ಹಿಂದಿನವನು ಹಾರ್ನು ಬಾರಿಸಿದ, ಇವನಿಗೇನು ಕಣ್ಣಿಲ್ವಾ, ಕೆಂಪು ಇದೆ, ಎಂದೆ, ನಾನು, ಅವರಿಗೆ, ಅವರ ಮುಖ ನನ್ನ ಕಡೆಯೇ ಇತ್ತು.

ಅನ್ಮಾರನಿಗೆ ಲೈಸೆನ್ಸು ಬಂದ ವಾರ, ಊಟಕ್ಕೆ ಕೂತಾಗ, ನೆಲಕ್ಕೆ ಹಾಸಿದ ಸುಫ್ರಾದ ಮೇಲೆ, ರೊಟ್ಟಿಯ ಪಕ್ಕದಲ್ಲಿ ಅವರು ಕಾರಿನ ಕೀಲಿ ಇಟ್ಟರು, ಅನ್ನಕ್ಕೆ ಕೈ ಹಾಕಿದರು, ಹುಡುಗ ಹಾರಿ ಕುಣಿದ, ನಾನು ನೀರಿನ ಜಗ್ಗು ತುಂಬಿಸುವ ನೆಪದಲ್ಲಿ ಎದ್ದು ಒಳಗೆ ಹೋದೆ. ಅಂದಿನಿಂದ ಮಗ ಓಡಿಸುತ್ತಾನೆ, ಅಪ್ಪ ಮುಂದೆ, ಅಮ್ಮ ಹಿಂದೆ, ಹಾಗೇ ಕೂರುವುದು, ಅದರಲ್ಲಿ ಯಾರ ತಪ್ಪೂ ಇಲ್ಲ, ಹಿಂದಿನಿಂದ ಅವರ ತಲೆಯ ಬಿಳಿ ಟೋಪಿ ಮಾತ್ರ ಕಾಣುತ್ತಿತ್ತು, ಮುಂದೆ ಏನಿದೆ ಎಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ, ನಾನು ಬಾಯಿ ತೆರೆದರೆ ಯುಮ್ಮಾ ಈಗ ನಾನಿದ್ದೀನಲ್ಲ ಎನ್ನುತ್ತಿದ್ದ ಮಗ, ಹೀಗೆ ವರ್ಷಗಳು, ಮಕ್ಕಳ ಮದುವೆಗಳು, ಅನ್ಮಾರ್ ಉತ್ತರದಲ್ಲಿ ಅಬ್ಹುರ್ ಕಡೆ ಮನೆ ಮಾಡಿದ, ಆ ದುಂಡನೆ ಬೆಳಕೂ ಆರಿತು, ಈಗ ಅವರು ಗಲ್ಲಿಯ ಮಸೀದಿಗೆ ಗೋಡೆ ಸವರಿಕೊಂಡು ಹೋಗುತ್ತಾರೆ, ಸವರಿಕೊಂಡು ಬರುತ್ತಾರೆ, ಅದರಾಚೆ ಎಲ್ಲೂ ಇಲ್ಲ. ಆಮೇಲೆ ಹೆಂಗಸರಿಗೂ ಲೈಸೆನ್ಸು ಅಂದರು, ಹುಡುಗಿಯರು ಸಾಲು ನಿಂತರು, ನಾನೂ ಮಂಡಿ ನೋವಿಟ್ಟುಕೊಂಡು ಅವರ ಜೊತೆ ನಿಂತೆ, ಕಲಿಸುವವಳು ಕೇಳಿದಳು, ಖಾಲಾ, ಮೊದಲೇ ಓಡಿಸಿದ್ದೀರಾ, ರಸ್ತೆ ಓದೋದು ಬಲ್ಲವರ ಥರ ಇದ್ದೀರಿ, ಇಲ್ಲಮ್ಮ, ಪಕ್ಕದಲ್ಲಿ ಕೂತು ನೋಡಿದ್ದು, ಎಂದೆ. ಮೊದಲ ದಿನ ಕಾರನ್ನು ಬಾಗಿಲಿಗೆ ತಂದು ನಿಲ್ಲಿಸಿ ಒಳಗೆ ಓಡಿದೆ, ಬನ್ನಿ, ಸಮುದ್ರದ ಕಡೆ ಹೋಗೋಣ, ಕೈ ಹಿಡಿದು ಕರೆತಂದೆ, ಬಲಗಡೆಯ ಬಾಗಿಲು ತೆರೆದೆ, ಅವರು ಚಾವಣಿಯ ಮೇಲೆ ಅಂಗೈ ಇಟ್ಟು ನಿಂತರು, ಬಿಸಿಲಿಗೆ ಕಾದ ತಗಡು, ಕೈ ತೆಗೆಯಲಿಲ್ಲ, ಆಮೇಲೆ ಅಂದರು, ಆ ಸೀಟು ನಿನ್ನದು. ಅಷ್ಟೇ, ಒಳಗೆ ಹೋದರು, ಅದು ಕೋಪವೋ, ನಾಚಿಕೆಯೋ, ಇನ್ನೇನೋ, ಕೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ, ಊರಿಗೆಲ್ಲ ರೇಡಿಯೋ ನಾನು. ಒಬ್ಬಳೇ ಸಮುದ್ರಕ್ಕೆ ಹೋದೆ, ಹಸಿರು, ಗಾಜಿನ ಬಾಟಲಿಯ ಹಸಿರು, ಎಂದು ಜೋರಾಗಿ ಹೇಳಿದೆ, ಪಕ್ಕದಲ್ಲಿ ಕೈಚೀಲ.

ಹಾಗಾದ್ರೆ ಫುಲ್ ಕಾಮಿಲ್ ಅಂತ ಬರ್ಕೊಳ್ಳಲಾ ಖಾಲಾ, ತಾಳಮ್ಮ, ಮನೆಯವರನ್ನ ಒಂದು ಮಾತು ಕೇಳ್ತೀನಿ, ಎನ್ನುತ್ತೇನೆ, ಕೇಳಿ ಕೇಳಿ, ನಾನು ಚಹಾ ತರ್ತೀನಿ, ಎಂದು ಶಹದ್ ಹೋಗುತ್ತಾಳೆ, ಒಳ್ಳೆಯ ಹುಡುಗಿ, ನಾನು ಬಾಗಿಲು ಎಳೆದುಕೊಳ್ಳುತ್ತೇನೆ, ಹೊರಗಿನ ಸದ್ದೆಲ್ಲ ಒಮ್ಮೆಲೇ ನಿಲ್ಲುತ್ತದೆ, ಫೋನು ರಿಂಗಾಗುತ್ತದೆ, ಅವರು ತಡಕಾಡುತ್ತಿರಬೇಕು, ದಿಂಬಿನ ಬಲಕ್ಕೆ ಇಟ್ಟು ಬಂದಿದ್ದೇನೆ, ಹೇಳು ರೇಡಿಯೋ ಜಿದ್ದಾ, ಎಂದರು. ಬಣ್ಣ ಯಾವುದು ತಗೊಳ್ಳಲಿ? ಬಿಳಿ ಬೇಡ, ಊರಿನ ಕಾರೆಲ್ಲ ಬಿಳಿ, ನಾನು ನಮ್ಮದನ್ನ ಹ್ಯಾಗೆ ಗುರುತು ಹಿಡೀಲಿ? ನಕ್ಕೆ, ಅವರು ನಗಲಿಲ್ಲ, ಅದು ಅವರ ರೀತಿ. ಅನ್ಮಾರ್ ಎಲ್ಲಾ ಇರೋದನ್ನ ತಗೋ ಅಂತಾನೆ, ಎಂದೆ, ಗೆರೆ ದಾಟಿದ್ರೆ ಸ್ಟೀರಿಂಗ್ ನಡುಗುತ್ತೆ, ಪಕ್ಕದಿಂದ ಯಾರಾದ್ರೂ ಬಂದ್ರೆ ಕನ್ನಡಿಯಲ್ಲಿ ದೀಪ ಹತ್ತುತ್ತೆ, ಒಬ್ಬಳು ಹೆಂಗಸಿನ ದನಿ ಇದೆ, ನಿಧಾನಿಸಿ, ಬಲಕ್ಕೆ ತಿರುಗಿ, ಅಂತಾಳೆ. ಆ ಕಡೆ ನಮ್ಮ ಕೋಣೆಯ ಹಳೆಯ ಏಸಿಯ ಗುರುಗುರು, ಹೌದಾ, ಅಂದರೆ ನಿನ್ನ ಕೆಲಸ ಕಿತ್ಕೊಂಡ್ರು ಅನ್ನು, ಎಂದರು, ಆಮೇಲೆ ತೀರ ಮೆಲ್ಲಗೆ, ಒಂದು ಕೇಳು ಆ ಹುಡುಗೀನ, ತಹ್ವೀಲಾ ಇಲ್ಲದ ಕಡೆ ತಹ್ವೀಲಾ ಅಂತ ಸುಳ್ಳು ಹೇಳುತ್ತಾ ಅದು?

ಕಿವಿಯ ಹತ್ತಿರ ಫೋನು ಬೆಚ್ಚಗಿದೆ, ಗೊತ್ತಿತ್ತಾ ನಿಮಗೆ, ಎಂದೆ. ಕಣ್ಣು ಹೋಗಿತ್ತು ಉಮ್ಮ್ ಅನ್ಮಾರ್, ಮೂಗು ಹೋಗಿರ್ಲಿಲ್ಲ, ಬಂದರು ಬಿಟ್ಟು ಅಷ್ಟು ದೂರ ಬಂದ ಮೇಲೂ ಉಪ್ಪಿನ ವಾಸನೆ ಜಾಸ್ತಿ ಆಗ್ತಾ ಹೋದ್ರೆ ಮನೆ ಎಲ್ಲಿ ಬರುತ್ತೆ? ಯಾಕೆ ಹೇಳಲಿಲ್ಲ? ಹೇಳಿದ್ರೆ ನೀನು ನೆಟ್ಟಗೆ ಮನೆಗೆ ಕರ್ಕೊಂಡು ಹೋಗ್ತಿದ್ದೆ. ಬನ್ನಿ ಹಾಗಾದ್ರೆ, ಎಂದೆ, ಎಂದುಬಿಟ್ಟೆ, ಹೊಸ ಕಾರು ಬಂದ ದಿನ ಪಕ್ಕದಲ್ಲಿ ಕೂತ್ಕೊಳ್ಳಿ, ಆ ಸೀಟು ನನ್ನದೇ ಇರಲಿ, ನನ್ನ ಸೀಟಿನಲ್ಲಿ ನೀವು ಕೂತ್ಕೊಳ್ಳಿ, ಮುಂದೆ ಏನಿದೆ ಅಂತ ಕೇಳಿ, ನಾನು ಓಡಿಸ್ತಾನೇ ಹೇಳ್ತೀನಿ, ಎಲ್ಲಾ ಹೇಳ್ತೀನಿ, ಗುರುಗುರು ಏಸಿ, ಗುರುಗುರು, ಅವರು ಇಲ್ಲ ಎನ್ನಲಿಲ್ಲ, ಹೂಂ ಎನ್ನಲಿಲ್ಲ, ಇನ್ಶಾ ಅಲ್ಲಾಹ್ ಎಂದು ಹೇಳಿಯೂ ತಪ್ಪಿಸಿಕೊಳ್ಳಲಿಲ್ಲ, ಉಸಿರು ಕೇಳುತ್ತದೆ, ಫೋನು ಇಟ್ಟಿಲ್ಲ, ಗಾಜಿನಾಚೆ ಶಹದ್ ಎರಡು ಲೋಟ ಹಿಡಿದು ಬರುತ್ತಾಳೆ, ಮೊಣಕೈಯಿಂದ ಬಾಗಿಲು ತೆರೆಯುತ್ತಾಳೆ, ಏನಂದ್ರು ಖಾಲಾ? ಸ್ಟ್ಯಾಂಡರ್ಡ್ ಬರ್ಕೋ ಮಗಳೇ, ನೀಲಿ. ಸ್ಟ್ಯಾಂಡರ್ಡಾ, ಖಾಲಾ, ಅದು ಖಾಲಿ ಕಾರು, ಏನೂ ಹೇಳಲ್ಲ ಅದು, ನಿಮ್ಮ ಮಗ ನನ್ನನ್ನ ತಿಂದುಹಾಕ್ತಾರೆ. ತಿನ್ನಲಿ, ಒಂದು ಕಾರಲ್ಲಿ ಇಬ್ಬರು ಹೆಂಗಸರು ಮಾತಾಡಬಾರದು, ಎಂದೆ, ಫೋನಿನೊಳಗೆ ಸಣ್ಣದಾಗಿ ಏನೋ, ಕೆಮ್ಮೋ ನಗುವೋ, ಕೇಳಿಸಿಕೊಂಡರು, ಇನ್ನೂ ಇದ್ದಾರೆ, ಕೇಳಿಸಿಕೊಳ್ಳುತ್ತಿದ್ದಾರೆ, ಯಾವಾಗಲೂ ಎಲ್ಲವನ್ನೂ ಕೇಳಿಸಿಕೊಂಡವರು, ಹಾಗಾದರೆ ಹಾರ್ನೂ ಕೇಳಿಸಿರಬೇಕು, ಆ ಸಿಗ್ನಲ್ಲಿನಲ್ಲಿ, ಹಿಂದೆ ಅಷ್ಟು ಕಾರು, ಅಷ್ಟು ಹಾರ್ನು, ಪಕ್ಕದ ಸಾಲು ಹೊರಟ ಸದ್ದು, ಎಲ್ಲ ಕೇಳಿಸಿತ್ತು, ದೀಪ ಹಸಿರಾದದ್ದು ಗೊತ್ತಿತ್ತು, ಕೆಂಪು ಇದೆ ಎಂದೆ ನಾನು, ಹೂಂ ಎಂದರು, ಗೊತ್ತಿತ್ತು, ದೀಪ ಹಸಿರು, ಕಾಲು ಬ್ರೇಕಿನ ಮೇಲೆ, ಮುಖ ನನ್ನ ಕಡೆ, ದೀಪ ಹಸಿರು, ಕಾಲು ಬ್ರೇಕಿನ ಮೇಲೆ, ಮುಖ ನನ್ನ ಕಡೆ —