ಕಪ್ತಾನನ ಮೊಣಕಾಲು

“ಅಷ್ಟು ಬಿಗಿ ಕಟ್ಟಬ್ಯಾಡೋ ಬಸೂ, ಅವರಿಗೆ ನೋಯ್ತದ,” ಎಂದಳು ಮಹಾದೇವಿ.

ಅವಳ ತಮ್ಮ ಬಸು ಭಾವ ದಾನಪ್ಪನ ಎದೆಗೆ ಸುತ್ತಿದ್ದ ಧೋತರವನ್ನು ಖುರ್ಚಿಯ ಬೆನ್ನಿಗೆ ಎಳೆದು ಇನ್ನೊಂದು ಗಂಟು ಹಾಕಿದ. ಲಿಂಗಾಯತರ ಹೆಣ ಕೂತೇ ಮಣ್ಣಿಗೆ ಹೋಗಬೇಕು. ವಡಾಲದ ಈ ಚಾಳಿನ ಮೆಟ್ಟಿಲೋ ಏಣಿಯ ಹಾಗೆ. ನಡುವೆ ಜಾರಿದರೆ ಯಾರು ಹೊಣೆ? ದಾನಪ್ಪ ಹಣೆತುಂಬ ವಿಭೂತಿ, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು, ಚಕ್ಕಳಮಕ್ಕಳ ಹಾಕಿ ಕೂತಿದ್ದ. ಬಾರಿನಲ್ಲಿ ವೇಟರಾಗಿ ನಲವತ್ತು ವರ್ಷ ನಿಂತವನಿಗೆ ಇವತ್ತು ಖುರ್ಚಿ ಸಿಕ್ಕಿತ್ತು.

ಬಾಗಿಲಲ್ಲಿ ಹಾರ ಹಿಡಿದು ಕೊರಗಪ್ಪ ಶೆಟ್ಟರು ಬಂದು ನಿಂತರು. ಶಿವಡಿ ದಂಡೆಯ ‘ಲಂಗರು’ ಬಾರಿನ ಮಾಲೀಕರು. ಹಿಂದೆ ಮೆಟ್ಟಿಲ ತುಂಬ ಬಾರಿನ ಗಿರಾಕಿಗಳು.

“ಒಳಗ ಬರಬ್ಯಾಡ್ರಿ ಶೆಟ್ರ. ಮೊದಲ ಕಳ್ಳ ಅಂದಿದ್ದು ಹಿಂದಕ್ಕ ತಗೋರಿ. ಅಲ್ಲೀತನಕ ಇವ್ರನ್ನ ಎತ್ತಾಕ ಬಿಡಂಗಿಲ್ಲ.”

“ಎಂತ ಮಾದೇವಮ್ಮ, ಹೆಣದ ಎದುರು ಜಗಳವಾ? ನಾನು ಮಣ್ಣಿಗೆ ಬಂದದ್ದು.”

“ಪೊಲೀಸ್ ಕಂಪ್ಲೇಂಟ್ ಕೊಟ್ಟು ಮಣ್ಣಿಗೆ ಬಂದೀರಿ.”

“ಮತ್ತೆ ಕಪ್ತಾನ ತಾನೇ ಎದ್ದು ನಡೆದುಕೊಂಡು ಹೋದನಾ? ಬಾರಿನ ಬೀಗದಕೈ ಇದ್ದದ್ದು ನನ್ನ ಹತ್ತಿರ, ಇವನ ಹತ್ತಿರ. ನಾನು ಕದ್ದೆನಾ?”

ಕಪ್ತಾನ ಎಂದರೆ ಆಳೆತ್ತರದ ಮರದ ಗೊಂಬೆ. ದಾರುಖಾನಾದ ಗುಜರಿಯಲ್ಲಿ ಒಡೆದ ಯಾವುದೋ ಹಳೆ ಹಡಗಿನಿಂದ ಬಂದವನು. ಪೆಟ್ಟಿಗೆಯ ಮೇಲೆ ಕೂತು ಬಾರಿನ ಬಾಗಿಲಿನಿಂದ ಸಮುದ್ರ ನೋಡುತ್ತಿದ್ದ. ಕುಡಿದು ಹೊರಡುವವರು ಅವನ ಮೊಣಕಾಲು ಮುಟ್ಟಿ “ಸೀದಾ ಮನೆಗೆ” ಎಂದು ಆಣೆ ಹಾಕಿಯೇ ಹೋಗಬೇಕು. ಹಾಕಿಸುವವನು ದಾನಪ್ಪ. ಎಷ್ಟು ಜನ ಸೀದಾ ಹೋಗುತ್ತಿದ್ದರೋ ಅವರವರ ಹೆಂಡಂದಿರನ್ನು ಕೇಳಬೇಕು. ಮೊಣಕಾಲಂತೂ ಸವೆದು ಕನ್ನಡಿಯಾಗಿತ್ತು.

ಮಹಾದೇವಿ ಟ್ರಂಕಿನ ಮುಚ್ಚಳ ತೆಗೆದು ಬಿಸಾಕಿದಳು. ಮಂಚದ ಚಾದರ ಎತ್ತಿ ಹಿಡಿದಳು.

“ಹುಡುಕ್ರಿ. ಇರೂದು ಒಂದ ಖೋಲಿ.”

ಶೆಟ್ಟರಿಗೆ ನಾಚಿಕೆಯಾಯಿತು. ಆದರೂ ಬಗ್ಗಿದರು. ಹಾರ ಹಿಡಿದುಕೊಂಡೇ ಮಂಚದ ಕೆಳಗೆ ಇಣುಕಿದರು. ಗಿರಾಕಿಗಳು ಮುಖ ತಿರುಗಿಸಿದರು. ಬಸು ಮುಷ್ಟಿ ಬಿಗಿದು ಎದ್ದ.

“ಕೂಡೋ,” ಎಂದಳು ಅಕ್ಕ. “ನೋಡಲಿ. ಕಣ್ಣತುಂಬ ನೋಡಲಿ.”

* * *

ಹಿಂದಿನ ವಾರ ನೆಲ ಒರೆಸುವಾಗ ದಾನಪ್ಪನ ಹೆಬ್ಬೆರಳು ಕಪ್ತಾನನ ಪಾದದೊಳಕ್ಕೆ ಇಳಿದಿತ್ತು. ಗೆದ್ದಲು. ಅವತ್ತೇ ಬೆಳಗ್ಗೆ ಶೆಟ್ಟರು ಗೆದ್ದಲು ತಿಂದ ಬೆಂಚುಗಳನ್ನು ದಂಡೆಯಲ್ಲಿ ಸುಡಿಸಿದ್ದರು. “ಹುಳ ಹಿಡಿದದ್ದು ಯಾವುದೂ ಒಳಗೆ ಬೇಡ. ದೇವರ ಮಣೆಯಾದರೂ ಸುಡಿ,” ಎಂದಿದ್ದರು. ದಾನಪ್ಪ ಆ ತೂತಿಗೆ ಮೇಣ ಮೆತ್ತಿ ಬಾಯಿ ಮುಚ್ಚಿಕೊಂಡ.

ಆಮೇಲೆ ಡ್ರೈ ಡೇ ಬಂತು, ಬಾರಿಗೆ ಬೀಗ. ಮರುದಿನ ತೆರೆದರೆ ಕಪ್ತಾನನಿಲ್ಲ. ಮೊಣಕಾಲು ಮುಟ್ಟದೆ ಮನೆಗೆ ಹೋಗುವುದು ಹೇಗೆಂದು ಗಿರಾಕಿಗಳು ಗಲಾಟೆ ಎಬ್ಬಿಸಿದರು.

“ಎಲ್ಲಿಟ್ಟಿದ್ದಿ?” ಎಂದರು ಶೆಟ್ಟರು.

“ಬರ್ತಾನ್ರಿ ಕಪ್ತಾನ. ಒಂದೀಟು ತಡೀರಿ.”

“ಮಾರಿದ್ದಿ ಅಲ್ಲವಾ? ಕಳ್ಳ!”

ತುಂಬಿದ ಬಾರು. ದಾನಪ್ಪ ಕೈಯಲ್ಲಿದ್ದ ಗ್ಲಾಸುಗಳನ್ನು ತೊಳೆದು ಬೋರಲಿಟ್ಟು ಸೀದಾ ಮನೆಗೆ ಬಂದ. ಹೆಂಡತಿ ಕೇಳಿದರೂ ಬಾಯಿ ಬಿಡಲಿಲ್ಲ. ರೊಟ್ಟಿ ಮುಟ್ಟಲಿಲ್ಲ. ಹಾಗೇ ಇದ್ದವನು ಒಂದು ಬೆಳಗ್ಗೆ ಏಳಲೇ ಇಲ್ಲ.

* * *

“ಅಕ್ಕಾ, ಟೆಂಪೋದಾಂವ ಹಾರ್ನ್ ಹೊಡ್ಯಾಕತ್ಯಾನ.”

“ಹೊಡೀಲಿ.”

ಹಾರ್ನಿನ ನಡುವೆ ಕೈಗಾಡಿಯ ಗಾಲಿ ಕಿರುಗುಟ್ಟಿತು. ಯಾರೋ ಮೆಟ್ಟಿಲ ಮೇಲಿನ ಜನರನ್ನು ತಳ್ಳಿಕೊಂಡು ಏದುಸಿರಿನಲ್ಲಿ ಹತ್ತಿ ಬಂದ. ಗಡ್ಡದಲ್ಲಿ ಮರದ ಹೊಟ್ಟು. ದಾರುಖಾನಾದ ಬಡಗಿ ಸಿಕಂದರ, ದಾನಪ್ಪನ ಊರಿನವ.

“ಬಾರಿಗೆ ಹೋಗಿದ್ದೆ ವೈನಿ. ಅಲ್ಲಿ ಹೇಳಿದ್ರು...” ಖುರ್ಚಿಯನ್ನು ನೋಡಿ ಅವನ ಮಾತು ನಿಂತಿತು. “ಕಪ್ತಾನಗ ಪಾದ ಹೊಸಾದ ಕೂಡಿಸೀನಿ. ಪೂರಾ ಆಗೂತನಕ ಯಾರಿಗೂ ಹೇಳಬ್ಯಾಡ, ಶೆಟ್ರು ಸುಟ್ಟುಬಿಡ್ತಾರ ಅಂದಿದ್ದ ಅಣ್ಣ. ಅಲ್ಲಾ ಕಸಂ, ಹಿಂಗ ಆಗೇತಿ ಅಂತ ಗೊತ್ತಿರಲಿಲ್ಲ ವೈನಿ.”

ಶೆಟ್ಟರು ಬಾಗಿಲಾಚೆಯ ಗ್ಯಾಲರಿಯಿಂದ ಬಗ್ಗಿ ನೋಡಿದರು. ಕೆಳಗೆ ಕೈಗಾಡಿಯ ಮೇಲೆ ಕಪ್ತಾನ ಕೂತಿದ್ದ. ಒಂದು ಪಾದ ಮಾತ್ರ ಬೆಳ್ಳಗೆ, ಎಳೆ ಕೂಸಿನದರಂತೆ.

“ನನಗೊಂದು ಮಾತು ಹೇಳಬಾರದಿತ್ತಾ ಮಾರಾಯ,” ಎಂದರು ಹೆಣಕ್ಕೆ. ಆಮೇಲೆ ನೆಲ ನೋಡುತ್ತ, “ಇವ ಕದ್ದದ್ದಲ್ಲ.”

“ಜೋರಾಗಿ ಅನ್ರಿ. ಕಳ್ಳ ಅನ್ನುವಾಗ ದನಿ ಇತ್ತಲ್ಲ?”

“ದಾನಪ್ಪ ಕದ್ದದ್ದಲ್ಲ!”

ಚಾಳಿನ ಗ್ಯಾಲರಿಗಳಲ್ಲಿ ನಿಂತವರೆಲ್ಲ ತಿರುಗಿ ನೋಡಿದರು.

“ಎತ್ತೋ ಬಸೂ,” ಎಂದಳು ಮಹಾದೇವಿ.

ಖುರ್ಚಿ ಓಣಿಗೆ ಇಳಿಯಿತು. ಇಬ್ಬರೂ ಎದುರುಬದುರಾದರು, ಕೂತವನ ಮುಂದೆ ಕೂತವನು. ಮೊದಲ ಗಿರಾಕಿಯ ಕೈ ರೂಢಿಯಂತೆ ಕಪ್ತಾನನ ಕಡೆ ಹೋಯಿತು, ನಡುವೆ ತಡೆಯಿತು, ತಿರುಗಿ ದಾನಪ್ಪನ ಮೊಣಕಾಲು ಮುಟ್ಟಿತು.

“ಸೀದಾ ಮನೆಗೆ, ದಾನಪ್ಪಾ.”

ಅವನ ಹಿಂದೆ ಇನ್ನೊಬ್ಬ. ಮತ್ತೊಬ್ಬ. ಸಿಕಂದರ ಖುರ್ಚಿಗೆ ಹೆಗಲು ಕೊಟ್ಟ. ಶೆಟ್ಟರೂ ಕೈ ಹಾಕಲು ಬಂದರು. ಬಸು ನಡುವೆ ನಿಂತ.

“ನೀವು ಕೈಗಾಡಿ ಹಿಡೀರಿ. ಓಣಿ ಇಳಿಜಾರದ.”

ಖುರ್ಚಿಯನ್ನೂ ಮಂದಿಯನ್ನೂ ಹೊತ್ತು ಟೆಂಪೋ ಹೊರಟಿತು. ಕೈಗಾಡಿ ಮೆಲ್ಲಗೆ ಉರುಳತೊಡಗಿತು. ಹಾರ ಮೊಣಕೈಗೆ ಜಾರಿ ತೂಗುತ್ತಿರಲು, ಖಾಲಿ ಓಣಿಯಲ್ಲಿ ಶೆಟ್ಟರು ಎರಡೂ ಕೈಯಿಂದ ಕಪ್ತಾನನ ಮೊಣಕಾಲುಗಳನ್ನು ಹಿಡಿದು, ಕಾಲೂರಿ ನಿಂತರು.