ಒಂದೇ ನೋಟದ ಕಮಲಾಕ್ಷ

ಸಿಡ್ನಿಯ ಹ್ಯಾರಿಸ್ ಪಾರ್ಕಿನ ಕಮಲಾಕ್ಷ ಒಮ್ಮೆ ಕಣ್ಣು ಕಿರಿದು ಮಾಡಿ ನೋಡಿದ್ದಕ್ಕೆ, ಹಾರ್ಬರ್ ಬ್ರಿಜ್ ಮೇಲೆ ಹೋಗುತ್ತಿದ್ದ ಕಳ್ಳನೊಬ್ಬ ಕಾರು ನಿಲ್ಲಿಸಿ, ಇಳಿದು, ತಾನಾಗಿ ಪೊಲೀಸ್ ಸ್ಟೇಷನ್ನಿಗೆ ನಡೆದು ಹೋಗಿದ್ದ. ಕಮಲಾಕ್ಷ ಆಗ ಬ್ರಿಜ್ ಮೇಲೂ ಇರಲಿಲ್ಲ. ಕೆಳಗೆ ಫೆರಿಯಲ್ಲಿ ಕೂತು ಕಡಲೆಬೀಜ ತಿನ್ನುತ್ತಿದ್ದ. ಏರ್‌ಪೋರ್ಟಿನ ಎಕ್ಸ್‌ರೇ ಮೆಷಿನ್ನು ಸೂಟ್‌ಕೇಸಿನೊಳಗಿನ ಉಪ್ಪಿನಕಾಯಿ ತೋರಿಸಿದರೆ, ಇವನ ಕಣ್ಣು ಮನುಷ್ಯನೊಳಗಿನ ಬುದ್ಧಿಯನ್ನೇ ಹೆಕ್ಕಿ ತೋರಿಸುತ್ತಿತ್ತು. ಇಡೀ ಸಿಡ್ನಿ ಇದನ್ನು ಒಪ್ಪಿತ್ತು, ಹೆಂಡತಿ ಸ್ವರ್ಣಲತಾ ಒಬ್ಬಳನ್ನು ಬಿಟ್ಟು.

ಆ ಜುಲೈನಲ್ಲಿ ಈ ಕಣ್ಣಿಗೆ ದೊಡ್ಡ ಕೆಲಸ ಬಿತ್ತು. ಉಡುಪಿಯಲ್ಲಿದ್ದ ಅಕ್ಕ ಜಯಲಕ್ಷ್ಮಿಯ ಮಗಳು ನಿರೀಕ್ಷಾ ಇವನ ಮನೆಯಲ್ಲೇ ಇದ್ದು ಓದುತ್ತಿದ್ದಳು. ಅವಳಿಗೆ ಮೆಲ್ಬರ್ನಿನ ಎಂಜಿನಿಯರ್ ರೋಶನ್‌ನ ಸಂಬಂಧ ಬಂದಿತ್ತು. ಫೋನಿನಲ್ಲೇ ಮಾತಾಡಿ ಮಾತಾಡಿ ಇಬ್ಬರೂ ಒಪ್ಪಿಕೊಂಡಿದ್ದರು. ಆದರೆ ತುಳುವರ ಮನೆಯಲ್ಲಿ ಸೋದರಮಾವ ಹೂಂ ಅನ್ನದೆ ವೀಳ್ಯದೆಲೆಯೂ ಕದಲುವುದಿಲ್ಲ. ಆಟಿ ತಿಂಗಳು ಹಿಡಿದರೆ ಶುಭಕಾರ್ಯವೆಲ್ಲ ನಿಂತಂತೆ. ಅಷ್ಟರೊಳಗೆ ಮಾತು ಸಿಗದಿದ್ದರೆ ಹುಡುಗನ ಕಡೆಯವರು ಬೇರೆ ಹೆಣ್ಣು ನೋಡುವವರಿದ್ದರು.

ಹುಡುಗನನ್ನು ಹೇಳದೆ ಕೇಳದೆ ಹೋಗಿ ನೋಡಬೇಕು, ಆಗಲೇ ಬಣ್ಣ ತಿಳಿಯುವುದು ಎಂದು ಕಮಲಾಕ್ಷ ಬೆಳಗ್ಗೆ ಮೆಲ್ಬರ್ನಿಗೆ ಹಾರಿದ. ಸಂಜೆ ವಾಪಸು ಬಂದವನು ಶೂ ಬಿಚ್ಚುವ ಮೊದಲೇ ಅಕ್ಕನಿಗೆ ಫೋನ್ ಮಾಡಿದ.

“ಬೇಡ ಅಕ್ಕ. ಶುದ್ಧ ರೌಡಿ. ಹರಿದ ಬನಿಯನ್ನು, ವಾರದ ಗಡ್ಡ, ಕೈಯಲ್ಲಿ ಕ್ರಿಕೆಟ್ ಬ್ಯಾಟು. ಮನೆ ಹತ್ತಿರ ಬಂದ ಹಿರಿಯನೊಬ್ಬನ ಮೇಲೆ ಹುಲಿಯ ಹಾಗೆ ಹಾರಿದ. ನಾನಿದ್ದೆ, ಒಂದೇ ನೋಟದಲ್ಲಿ ನಿಲ್ಲಿಸಿದೆ. ಇಲ್ಲದಿದ್ದರೆ ಅಲ್ಲೇ ಹೆಣ ಬೀಳುತ್ತಿತ್ತು!”

ನಿರೀಕ್ಷಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ಅಳಲಿಲ್ಲ. ಫೋನ್ ಕಿತ್ತುಕೊಂಡು, “ಅಮ್ಮ, ಅವರ ಮನೆಗೆ ಈಗಲೇ ಬೇಡ ಅಂತ ಹೇಳ್ಬೇಡ. ನಾಳೆಯವರೆಗೆ ತಡಿ” ಎಂದಳು.

ಮರುದಿನ ಬಾಗಿಲ ಬೆಲ್ ಆಯಿತು. ಹೊರಗೆ ಟ್ಯಾಕ್ಸಿ ನಿಂತಿತ್ತು.

“ರೋಶನ್ ಬಂದಿದ್ದಾರೆ ಮಾವ. ನಾನೇ ಕರೆದದ್ದು. ಹೇಳುವುದನ್ನು ಅವರೆದುರೇ ಹೇಳಿ.”

ಕಮಲಾಕ್ಷನ ಮುಖದ ರಕ್ತವೆಲ್ಲ ಪಾದಕ್ಕಿಳಿಯಿತು. “ನನಗೆ ಜ್ವರ” ಎಂದು ಬೆಡ್‌ರೂಮಿಗೆ ಓಡಿದ. ಸ್ವರ್ಣಲತಾ ಬೆನ್ನಿಗೇ ಬಂದಳು.

“ಹುಲಿ ನಿಲ್ಲಿಸಿದವರಿಗೆ ಎಂತ ಜ್ವರ? ಬನ್ನಿ ಹೊರಗೆ.”

ಮಂಕಿ ಕ್ಯಾಪನ್ನು ಗಲ್ಲದವರೆಗೆ ಎಳೆದುಕೊಂಡು ಕಮಲಾಕ್ಷ ಹಾಲಿಗೆ ಬಂದ. ಸೋಫಾದಲ್ಲಿದ್ದ ರೋಶನ್ ಎದ್ದು ನಿಂತ. ಇಸ್ತ್ರಿ ಮಾಡಿದ ಶರ್ಟು, ನುಣ್ಣಗಿನ ಮುಖ. ಕ್ಯಾಪಿನೊಳಗಿನ ಕಣ್ಣುಗಳನ್ನು ಕಂಡದ್ದೇ ಅವನ ಹುಬ್ಬು ಮೇಲೇರಿತು. “ನಮಸ್ಕಾರ ಅಂಕಲ್” ಎಂದಷ್ಟೇ ಹೇಳಿ ಕೂತ.

ನಿರೀಕ್ಷಾ ಉಡುಪಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. “ರೋಶನ್, ನೀವು ಬ್ಯಾಟ್ ಹಿಡಿದು ಯಾರ ಮೇಲಾದರೂ ಹೋದದ್ದು ಹೌದಾ?”

“ಹೌದು.”

ನಿರೀಕ್ಷಾ ಫೋನನ್ನು ಅವನ ಹತ್ತಿರಕ್ಕೆ ಸರಿಸಿದಳು. ರೋಶನ್ ಮುಂದುವರಿಸಿದ.

“ಬೀದಿಯಲ್ಲಿ ಮೊನ್ನೆಯಷ್ಟೇ ಕಳ್ಳತನ ಆಗಿತ್ತು. ನನಗೆ ರಾತ್ರಿ ಪಾಳಿ, ನಿದ್ದೆಯಿಂದ ಎದ್ದದ್ದು ಅಷ್ಟೆ. ನೋಡಿದರೆ ಕಸದ ಬಿನ್ನಿನ ಹಿಂದೆ ಕೂತು ಯಾರೋ ನಮ್ಮ ಕಿಟಕಿ ಇಣುಕ್ತಾ ಇದ್ರು.”

“ಯಾರಂತೆ ಅದು?” ಜಯಲಕ್ಷ್ಮಿಯ ದನಿ ಬಂತು.

ರೋಶನ್ ಕಮಲಾಕ್ಷನನ್ನೇ ನೋಡಿದ. ಕ್ಯಾಪಿನೊಳಗೆ ಬೆವರು ಹರಿಯಿತು. ಹುಡುಗನ ಒಂದು ಮಾತು, ಇಷ್ಟು ವರ್ಷದ ಕೀರ್ತಿ ನೆಲಸಮ.

“ಯಾರೋ ದಾರಿ ತಪ್ಪಿ ಬಂದ ಹಿರಿಯರು, ಆಂಟಿ. ತಪ್ಪು ನಂದೇ. ಅಷ್ಟು ಹೆದರಿಸಬಾರದಿತ್ತು.”

“ಹಾಗಾದರೆ ತಮ್ಮ ಹೇಳಿದ್ದು ನಿಜವೇ! ಇನ್ನೆಂತ ಉಂಟು ಮಾತು? ಈಗಲೇ ಅವರ ಮನೆಗೆ ತಿಳಿಸ್ತೇನೆ.”

ನಿರೀಕ್ಷಾ ರೋಶನ್‌ನನ್ನು ನೋಡಿದಳು, ಇನ್ನೇನಾದರೂ ಹೇಳಲಿ ಎಂಬಂತೆ. ಅವನು ತಲೆ ತಗ್ಗಿಸಿದ. ಕಮಲಾಕ್ಷ ಬಾಯಿ ಮುಚ್ಚಿ ಕೂತಿದ್ದರೆ ಸಾಕಿತ್ತು, ಗೆದ್ದಂತೆಯೇ. ಅಷ್ಟರಲ್ಲಿ ಸ್ವರ್ಣಲತಾ ಅವನ ಕ್ಯಾಪನ್ನು ಸರಕ್ಕನೆ ಕಿತ್ತಳು. ಗಲ್ಲದ ತುಂಬ ಗೀರುಗಳು.

“ವಿಮಾನದ ಕಿಟಕಿಯಿಂದ ಹದ್ದು ನುಗ್ಗಿ ಪರಚಿತು ಅಂದಿರಲ್ಲ ನಿನ್ನೆ? ನೋಡುವ, ಈಗ ಇವರೆದುರು ಹೇಳಿ.”

ಕಮಲಾಕ್ಷ ಹದ್ದಿಗಾಗಿ ಬಾಯಿ ತೆರೆದ. ನಿರೀಕ್ಷಾಳ ಕಣ್ಣು ತುಂಬಿದ್ದು ಕಂಡಿತು. ಹದ್ದು ಬರಲಿಲ್ಲ.

“ಅಕ್ಕ, ಫೋನ್ ಇಡಬೇಡ. ಬಿನ್ನಿನ ಹಿಂದೆ ಇದ್ದದ್ದು ನಾನು.”

“ಎಂತ?”

“ಅವ ಕಿರುಚಿದ. ನಾನು ಓಡಿ ಗುಲಾಬಿ ಗಿಡದ ಮೇಲೆ ಬಿದ್ದೆ. ಇವನೇ ಬ್ಯಾಟು ಬಿಸಾಡಿ ಬಂದು ಎತ್ತಿದ. ಮುಳ್ಳು ತೆಗೆದ, ಚಾ ಮಾಡಿ ಕೊಟ್ಟ, ರೈಲ್ವೆ ಸ್ಟೇಷನ್ನಿಗೆ ಕಾರಲ್ಲಿ ಬಿಟ್ಟ. ನಾನು ಕೊಲಂಬೋದ ಪೆರೇರಾ, ಅಡ್ರೆಸ್ ತಪ್ಪಿತು ಅಂತ ಹೇಳಿದ್ದೆ.”

“ಮತ್ತೆ ರೌಡಿ ಅಂದದ್ದು, ಮಾರಾಯ?”

“ಮೊದಲು ಕಂಡದ್ದು ಹಾಗೆಯೇ. ಚಾ ಕುಡಿಯುವಾಗಲೇ ತಪ್ಪು ಅಂತ ಗೊತ್ತಾಯ್ತು. ಆದರೆ ಒಳ್ಳೆಯವ ಅಂದರೆ ಹೇಗೆ ಗೊತ್ತು ಅಂತ ನೀನು ಕೇಳ್ತಿ, ಆಗ ಬಿನ್ನಿನ ಕಥೆ ಹೇಳಬೇಕಾಗ್ತದೆ. ಮರ್ಯಾದೆ ಹೋಗ್ತದೆ ಅಂತ ಹುಡುಗಿಯ ಬದುಕನ್ನೇ ಅಡವಿಟ್ಟೆ.”

ಉಡುಪಿಯಿಂದ ಜಯಲಕ್ಷ್ಮಿ ಕೇಳಿದಳು: “ಹಾಗಾದರೆ ಸೋದರಮಾವ ಹೂಂ ಅಂತಾನಾ?”

“ನನ್ನ ಹೂಂ ಯಾರಿಗೆ ಬೇಕು ಅಕ್ಕ? ಇಂಥ ಸೋದರಮಾವ ಇರುವ ಮನೆಗೆ ಅವನೇ ಹೂಂ ಅಂತಾನಾ, ಮೊದಲು ಅದನ್ನು ಕೇಳು.”