ಕೊನೇ ಪಂಕ್ತಿ

ಸೊಸೆ ಕೃತಿಕಾ ಗಂಡಸರಿಗಿಂತ ಮುಂಚೆ ಉಣ್ಣುತ್ತಾಳೆ ಎನ್ನುವುದು ನಿಂಗಮ್ಮನ ಪಾಲಿಗೆ ಕೊಲೆಗಿಂತ ದೊಡ್ಡ ಅಪರಾಧ. ಕುಣಿಗಲ್ಲಿನ ಖಾಸಗಿ ಶಾಲೆಯಲ್ಲಿ ಟೀಚರಾಗಿದ್ದ ಆ ಹುಡುಗಿ, ಮಾವ ಚಿಕ್ಕಬೀರಯ್ಯ ಇನ್ನೂ ಮುಖ ತೊಳೆಯುತ್ತಿರುವಾಗಲೇ ತಟ್ಟೆ ತುಂಬ ಚಿತ್ರಾನ್ನ ಹಾಕಿಕೊಂಡು, ನಡುಮನೆಯಲ್ಲಿ ಕೂತು ತಿಂದು, ಹುಲಿಯೂರುದುರ್ಗದ ಕಡೆಯಿಂದ ಬರುವ ಬಸ್ಸಿಗೆ ಓಡುತ್ತಿದ್ದಳು. ನೋಡಿದರೆ ನಿಂಗಮ್ಮನಿಗೆ ಮೈಯೆಲ್ಲ ಉರಿ.

ಉರಿಗೆ ಕಾರಣವಿತ್ತು. ಮಗ ಲಕ್ಷ್ಮೀಕಾಂತ್ ಹೊಟ್ಟೆಯಲ್ಲಿದ್ದಾಗ, ಹಸಿವು ತಡೆಯಲಾರದೆ ಒಂದು ಚೂರು ಮುದ್ದೆ ಮುರಿದು ಬಾಯಿಗೆ ಹಾಕಿಕೊಂಡಿದ್ದಕ್ಕೆ ಅವಳ ಅತ್ತೆ ಮುದ್ದೆ ತೊಳಸುವ ಕೋಲಿನಲ್ಲೇ ಬಾರಿಸಿದ್ದಳು. ಅವತ್ತಿನಿಂದ ಗಂಡಸರು ಉಂಡು ಕೈತೊಳೆಯುವ ತನಕ ನಿಂಗಮ್ಮ ಒಂದು ಅಗುಳು ಮುಟ್ಟಿದವಳಲ್ಲ. ಅತ್ತೆ ಸತ್ತು ಮಣ್ಣಾದಳು, ಪೆಟ್ಟನ್ನು ಮಾತ್ರ ಇವಳು ಒಡವೆಯ ಹಾಗೆ ಜೋಪಾನ ಮಾಡಿಟ್ಟುಕೊಂಡಳು. ಸೊಸೆ ಬಂದ ಮೇಲೆ ದಾಟಿಸಬೇಕಲ್ಲ! ಆದರೆ ಈ ಸೊಸೆ ಅದಕ್ಕೆಲ್ಲ ಕೈಯೊಡ್ಡುವ ಪೈಕಿಯಲ್ಲ.

ಇನ್ನೊಂದು ನಂಬಿಕೆ ಅವಳ ಒಳಗೇ ಇತ್ತು. ತಾನು ಹಸಿದುಕೊಂಡು ಕಾಯುವುದನ್ನು ಗಂಡ ನೋಡುತ್ತಾನೆ, ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲೇ ಮೆಚ್ಚುತ್ತಾನೆ ಎಂದು. ಹೊಟ್ಟೆ ಚುರುಗುಟ್ಟಿದಾಗಲೆಲ್ಲ ಅವಳು ಉಂಡಿದ್ದು ಈ ನಂಬಿಕೆಯನ್ನೇ.

ಶುಗರ್ ಬಂದ ಮೇಲೆ ಡಾಕ್ಟರು ಊಟಕ್ಕೆ ಮುಂಚೆ ನುಂಗುವ ಮಾತ್ರೆ ಕೊಟ್ಟಿದ್ದರು. ನಿಂಗಮ್ಮ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದಳು. ಊಟ ಮಾತ್ರ ಗಂಡ ತೋಟದಿಂದಲೋ, ಅರಳಿಕಟ್ಟೆಯ ಹರಟೆಯಿಂದಲೋ ಎದ್ದು ಬಂದು ಉಂಡ ಮೇಲೆ. ಕೃತಿಕಾ ಇದನ್ನು ನೋಡಿ ನೋಡಿ ಸಿಡಿದಿದ್ದಳು.

“ಮಾತ್ರೆ ನುಂಗಿ ಉಪವಾಸ ಕೂತ್ರೆ ಸಾಯ್ತೀರಾ ಅತ್ತೆ. ಎಷ್ಟ್ ಸಲ ಹೇಳೋದು ನಿಮ್ಗೆ?”

“ಸತ್ರೆ ನಿಂಗೇ ಒಳ್ಳೇದಲ್ವಾ, ಬುಡು. ಬೆಳಕು ಹರಿಯೋಕ್ ಮುಂಚೆ ಗುಳುಂ ಅನ್ಸೋ ವಂಶ ಅಲ್ಲ ಕಣೇ ನಮ್ದು.”

“ನಾಳೆ ನನ್ ಮಕ್ಳಿಗೆ ಇದನ್ನ ಹೇಳಿದ್ರೆ ನಂಬೋದೂ ಇಲ್ಲ. ನಿಮ್ಗೆಲ್ಲ ತಲೆ ಕೆಟ್ಟಿತ್ತಾ ಅಂತ ಕೇಳ್ತವೆ.”

“ಕೇಳ್ಲಿ. ಮೊದ್ಲು ಹೆತ್ತು ತೋರ್ಸು.”

ಆ ಮಾತು ಕೃತಿಕಾಳಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಮದುವೆಯಾಗಿ ಮಕ್ಕಳಾಗದೆ ಅವಳು ಆಸ್ಪತ್ರೆಗೆ ಅಲೆಯುತ್ತಿದ್ದುದು ನಿಂಗಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದ್ದಳು. ಅಲ್ಲಿಗೆ ಅತ್ತೆ ಸೊಸೆಗೆ ಮಾತು ಬಿಟ್ಟುಹೋಯಿತು.

ಮುಂದಿನ ಭಾನುವಾರ ಗುಬ್ಬಿಯಿಂದ ಬೀಗ ಓಬಳಯ್ಯ, ಅಂದರೆ ನಿಂಗಮ್ಮನ ಮಗಳ ಮಾವ, ತನ್ನ ಕಡೆಯ ನಾಲ್ಕು ಜನರನ್ನು ಕಟ್ಟಿಕೊಂಡು ಊಟಕ್ಕೆ ಬರುವವನಿದ್ದ. ಮಗಳನ್ನು ಕೊಟ್ಟ ಮನೆಯ ಯಜಮಾನ ಎಂದರೆ ಸಾಮಾನ್ಯವೇ? ನಿಂಗಮ್ಮ ಬೆಳಿಗ್ಗೆಯಿಂದ ನಾಟಿಕೋಳಿ ಸಾರಿನ ಮುಂದೆ ನಿಂತಿದ್ದಳು. ಕೃತಿಕಾ ಮಾತಿಲ್ಲದೆ ಎರಡು ಇಡ್ಲಿ ತಂದು ಕುಕ್ಕಿದಳು. ನಿಂಗಮ್ಮನೂ ಮಾತಿಲ್ಲದೆ ಅದನ್ನು ಹಿತ್ತಲಿನ ಎಮ್ಮೆಗೆ ಹಾಕಿ ಬಂದಳು. ಬೀಗರು ಕುಣಿಗಲ್ ದಾಟಿದ್ದಾರೆ ಎಂದು ಫೋನು ಬಂದಾಗ, ಊಟ ಇನ್ನೇನು ಆಯಿತೆಂದು ಮಾತ್ರೆ ನುಂಗಿದಳು. ಆದರೆ ಬಂದವರನ್ನು ಚಿಕ್ಕಬೀರಯ್ಯ ಮೊದಲು ತೋಟ ತೋರಿಸಲು ಕರೆದುಕೊಂಡು ಹೋದ. ಅವರು ಪ್ರತಿ ತೆಂಗಿನ ಮರದ ಕೆಳಗೂ ನಿಂತು ರಾಜಕೀಯ ಮಾತಾಡಿ, ಎಳನೀರು ಕುಡಿದು, ಬಿಸಿಲು ಇಳಿದ ಮೇಲೆ ಬಂದು ಎಲೆಯ ಮುಂದೆ ಕೂತರು.

ಅಷ್ಟೊತ್ತಿಗೆ ನಿಂಗಮ್ಮನ ರವಿಕೆ ಬೆವರಿಗೆ ತೊಯ್ದುಹೋಗಿತ್ತು. ಬಡಿಸುವಾಗ ಒಂದು ಮುದ್ದೆ ಎಲೆ ತಪ್ಪಿ ಚಾಪೆಗೆ ಬಿತ್ತು. ಎದುರಿನ ಮುಖಗಳು ಒಂದು ಎರಡಾಗಿ ಕಾಣಿಸಿದವು.

“ಅತ್ತೆ, ಒಳಗ್ ಬನ್ನಿ,” ಎಂದು ಕೃತಿಕಾ ಹಠ ಬಿಟ್ಟು ಬಂದು ತೋಳು ಹಿಡಿದಳು. ಅಂಗೈಗೆ ಬೆಲ್ಲದ ಉಂಡೆ ತುರುಕಿದಳು. “ತಿನ್ನಿ ಇದನ್ನ. ಈಗ್ಲೇ ತಿನ್ನಿ.”

“ಬೀಗರ ಮುಂದೆ ಮಾನ ಕಳೀಬೇಡ, ಹೋಗೇ ಅತ್ಲಾಗೆ!” ನಿಂಗಮ್ಮ ಹಲ್ಲು ಕಡಿದು, ಬೆಲ್ಲವನ್ನು ಬಚ್ಚಲಿಗೆ ಎಸೆದು, ಸಾರಿನ ಪಾತ್ರೆ ಎತ್ತಿಕೊಂಡಳು.

“ಇನ್ನೆರಡು ತುಂಡು ಬುಡವ್ವ,” ಎಂದ ಓಬಳಯ್ಯ. ಅವನತ್ತ ಬಗ್ಗಿದ ನಿಂಗಮ್ಮ ಹಾಗೇ ಕುಸಿದಳು. ಸಾರು ಎಲೆಯ ತುಂಬ, ಚಾಪೆಯ ತುಂಬ ಚೆಲ್ಲಿತು. ಕೂತಿದ್ದ ಗಂಡಸರೆಲ್ಲ ದಡಬಡ ಎದ್ದರು. ಎದ್ದವರು ಮೊದಲು ತಮ್ಮ ತಮ್ಮ ಬಿಳಿ ಪಂಚೆ ನೋಡಿಕೊಂಡರು, ಆಮೇಲೆ ಅವಳನ್ನು. ಥೂ, ಇಂಥವರಿಗೆ ಬಡಿಸುವುದಕ್ಕೆ ಒಂದು ಜೀವ ತೇಯಬೇಕಿತ್ತೇ! ಬೀಗರ ಕಾರಿನಲ್ಲಿ ಅವಳನ್ನು ಮಲಗಿಸಿಕೊಂಡು, ದಾರಿಯುದ್ದಕ್ಕೂ ಕೆನ್ನೆ ತಟ್ಟುತ್ತ ಕುಣಿಗಲ್ಲಿನ ಆಸ್ಪತ್ರೆ ಮುಟ್ಟಿಸಿದವಳು ಕೃತಿಕಾಳೇ.

ನಿಂಗಮ್ಮ ಕಣ್ಣು ಬಿಟ್ಟಾಗ ಕೈಗೆ ಗ್ಲೂಕೋಸು ಏರುತ್ತಿತ್ತು. ಕಾಲ ಬುಡದಲ್ಲಿ ಗಂಡ ನಿಂತಿದ್ದ, ಪಕ್ಕದಲ್ಲಿ ಸೊಸೆ. ಡಾಕ್ಟರಮ್ಮ ರೇಗಿಕೊಂಡೇ ಕೇಳಿದಳು: “ಮಾತ್ರೆ ತಗೊಂಡು ಯಾಕಮ್ಮ ಊಟ ಮಾಡ್ಲಿಲ್ಲ? ಇನ್ ಸ್ವಲ್ಪ ತಡ ಆಗಿದ್ರೆ ಉಳೀತಿರ್ಲಿಲ್ಲ ನೀನು.”

ನಿಂಗಮ್ಮ ಗಂಡನತ್ತ ನೋಡಿದಳು. ಹೇಳಲಿ, ಇವತ್ತಾದರೂ ನಾಲ್ಕು ಜನರ ಮುಂದೆ ಇವನು ಹೇಳಲಿ ಎಂದು ಕಾದಳು.

“ಅವ್ಳಿಗೆ ಹಸಿವೇ ಆಗಕಿಲ್ಲ ಕಣ್ರವ್ವ,” ಎಂದ ಚಿಕ್ಕಬೀರಯ್ಯ. “ಮದ್ವೆ ಆದಾಗ್ಲಿಂದ್ಲೂ ನೋಡಿವ್ನಿ. ಎಲ್ರುದೂ ಆದ್ಮೇಲೆ ಏನೋ ಒಂದ್ ತುತ್ತು ತಿಂತಾಳೆ ಅಷ್ಟೇಯ. ಅವ್ಳ ಬಾಡಿನೇ ಅಂಗೆ.”

ನಿಂಗಮ್ಮ ಅವನ ಮುಖವನ್ನೇ ದಿಟ್ಟಿಸಿದಳು. ಅದರಲ್ಲಿ ಕಪಟವಿರಲಿಲ್ಲ, ಸುಳ್ಳಿರಲಿಲ್ಲ. ಅವನು ನಂಬಿದ್ದನ್ನೇ ಹೇಳಿದ್ದ. ಸೊಸೆಯ ಮೇಲೆ ಇಷ್ಟು ದಿನ ಕಾರಿದ ಕೆಂಡವೆಲ್ಲ ಒಮ್ಮೆಗೇ ದಿಕ್ಕು ಬದಲಿಸಿ ಆ ಮುಖದ ಕಡೆ ಹೊರಳಿತು.

ಡಾಕ್ಟರಮ್ಮ, ಈಗ ಇವರಿಗೆ ಊಟ ಕೊಡಿ ಎಂದು ಹೇಳಿ ಹೋದಳು. ಲಕ್ಷ್ಮೀಕಾಂತ್ ಮನೆಯಿಂದ ತಂದುಕೊಟ್ಟಿದ್ದ ಡಬ್ಬಿಯನ್ನು ಕೃತಿಕಾ ತೆರೆದಳು. ಕೋಳಿಸಾರಿನ ವಾಸನೆ ಎದ್ದಿದ್ದೇ ತಡ, ಚಿಕ್ಕಬೀರಯ್ಯ ಸ್ಟೂಲು ಎಳೆದುಕೊಂಡ.

“ಈ ಗಲಾಟೇಲಿ ನನ್ ಊಟ ಅರ್ಧಕ್ಕೇ ನಿಂತೋಯ್ತು. ಇತ್ಲಾಗ್ ಕೊಡವ್ವ, ಎರಡ್ ತುತ್ತು ಉಂಡ್ಬುಟ್ ಕೊಡ್ತೀನಿ.”

“ಮುಟ್ಬೇಡ!”

ಗಂಡನನ್ನು ನಿಂಗಮ್ಮ ಜನ್ಮದಲ್ಲಿ ಏಕವಚನದಲ್ಲಿ ಕರೆದವಳಲ್ಲ. ಸೂಜಿ ಚುಚ್ಚಿರದ ಕೈಯಿಂದ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡಳು.

“ಹಸಿವಾಯ್ತದೆ ನಂಗೆ. ದಿನಾ ಆಯ್ತಿತ್ತು. ನಿನ್ ಮಗ ಹೊಟ್ಟೇಲಿದ್ದಾಗ್ಲೂ ಆಯ್ತಿತ್ತು. ನಾನ್ ಉಂಡಾದ್ಮೇಲೆ ಉಳುದ್ರೆ ಉಣ್ಣು, ಹೋಗು.”

ಚಿಕ್ಕಬೀರಯ್ಯ ಸ್ಟೂಲಿನಿಂದ ಎದ್ದ. ಸೊಸೆಯಾದರೂ ಏನಾದರೂ ಹೇಳಿಯಾಳೇನೋ ಎಂದು ಅವಳತ್ತ ತಿರುಗಿದ. ಅತ್ತೆ ಮಕ್ಕಳ ಮಾತು ಎತ್ತಿ ಆಡಿದ್ದನ್ನು ಕೃತಿಕಾ ಮರೆತಿರಲಿಲ್ಲ, ಮರೆಯುವಂಥದ್ದೂ ಅಲ್ಲ. ಆದರೂ ನೀರಿನ ಲೋಟವನ್ನು ಅತ್ತೆಯ ಕೈಗೆಟುಕುವ ಹಾಗೆ ಸರಿಸಿದಳು.

ನಿಂಗಮ್ಮ ತುಂಡು ಆರಿಸಿ ಆರಿಸಿ, ಮೂಳೆ ಚೀಪಿ ಉಂಡಳು. ಗಂಡ ಗೋಡೆಗೆ ಒರಗಿ ಅವಳ ಕೈಯನ್ನೇ ನೋಡುತ್ತ ನಿಂತಿದ್ದ. ಅವನಿಗೆ ಹಸಿವಾಗಿದೆ ಎಂದು ಅವಳಿಗೆ ಗೊತ್ತಿತ್ತು. ಅವಳು ಅವಸರ ಮಾಡಲಿಲ್ಲ.